ಚೆನ್ನಮ್ಮ ಅಂತ ಹೆಸರಿಡಬೇಕು ಅಂತಿದ್ದೀವಿ: ಮೂಲ ಏನು, ಚೆ ಬರೀಬೇಕೋ ಚ ಬರೀಬೇಕೋ?

ತೊಟ್ಟಿಲ ಹಗ್ಗ
ಹೆಣ್ಣು ಮಗುವಿಗೆ ಚೆನ್ನಮ್ಮ ಅನ್ನೋ ಹೆಸರು ಹೆಚ್ಚುಕಡಿಮೆ ತೀರ್ಮಾನ ಆಗಿದೆ. ಜನನ ನೋಂದಣಿ ಆಗಿದೆ, ಹೆಸರಿನ ಕಾಲಂ ಖಾಲಿ ಇದೆ. ತಿಳಿದವರು ಮೂರು ವಿಷಯ ಬಿಡಿಸಿ ಹೇಳಿ. ಒಂದು, ಇದು ಅಚ್ಚಗನ್ನಡವೋ ಸಂಸ್ಕೃತವೋ? ಹೆಸರು ಹುಡುಕೋ ಆ್ಯಪ್‌ನಲ್ಲಿ "ಸಂಸ್ಕೃತ ಮೂಲ, ಚಂದ್ರನಂಥವಳು" ಅಂತ ಹಾಕಿದ್ದಾರೆ. ಎರಡು, ಚೆನ್ನಮ್ಮ ಸರಿಯೋ ಚನ್ನಮ್ಮ ಸರಿಯೋ? ಮೂರು, ಇದು ಅಜ್ಜಿಯರ ಹೆಸರು, ಶಾಲೆಯಲ್ಲಿ ಮಗುವಿಗೆ ಮುಜುಗರ ಆಗುತ್ತೆ ಅಂತ ನೆಂಟರು ಹೇಳ್ತಿದ್ದಾರೆ. ಈಗ ಯಾರಾದರೂ ಇಡ್ತಾರಾ?

ನಿಘಂಟಿನ ಮಗ್ಗುಲು
ಆ ಆ್ಯಪ್ ಹೇಳಿದ್ದು ಪೂರ್ತಿ ತಪ್ಪು. ಚಂದ್ರನಿಗೂ ಚೆನ್ನಮ್ಮನಿಗೂ ಸಂಬಂಧ ಇಲ್ಲ. ಚಂದ್ರ ಕನ್ನಡಕ್ಕೆ ಬಂದಾಗ ಚಂದಿರ ಆಗುತ್ತೆ, ಚೆನ್ನ ಆಗಲ್ಲ.

ಚೆನ್ನು ಅಂದರೆ ಸೊಗಸು, ಚೆಲುವು. ಅದರಿಂದ ಚೆನ್ನ, ಚೆನ್ನೆ, ಚೆನ್ನಿಗ. ದಿನಕ್ಕೆ ನೂರು ಸಲ "ಚೆನ್ನಾಗಿದೆ", "ಚೆನ್ನಾಗಿ ಮಾಡು" ಅಂತೀವಲ್ಲ, ಅದೇ ಚೆನ್ನ. ತೆಲುಗಿನಲ್ಲೂ ಚೆನ್ನು ಅಂದರೆ ಅಂದ ಅಂತಲೇ. ಹಾಗಾಗಿ ಚೆನ್ನಮ್ಮ ಅಂದರೆ ಚೆಲುವಾದ ತಾಯಿ, ಒಳ್ಳೆಯ ಹೆಣ್ಣು. ಅರ್ಥ ತಿಳಿಯೋಕೆ ನಿಘಂಟು ತೆಗೆಯಬೇಕಾಗೇ ಇಲ್ಲದ ಹೆಸರು ಇದು. ಈಗ ಚಾಲ್ತಿಯಲ್ಲಿರೋ ಹೆಸರುಗಳಲ್ಲಿ ಎಷ್ಟಕ್ಕೆ ಈ ಮಾತು ಹೇಳಬಹುದು ನೋಡಿ.

ಸಂಧಿ ನೋಡಿದರೂ ಗೊತ್ತಾಗುತ್ತೆ. ಚೆನ್ನ + ಅಮ್ಮ ಸೇರುವಾಗ ಒಂದು ಅಕಾರ ಬಿದ್ದುಹೋಗಿ ಚೆನ್ನಮ್ಮ ಆಯಿತು. ಇದು ಲೋಪಸಂಧಿ, ಕನ್ನಡದ್ದು. ಅದೇ ಹೆಸರಿಗೆ ಸಂಸ್ಕೃತದ ಅಂಬಾ ಸೇರಿಸಿದಾಗ ಚೆನ್ನಾಂಬಾ ಅಂತ ದೀರ್ಘ ಬರುತ್ತೆ. ಎರಡೂ ಹಳೇ ಬರವಣಿಗೆಯಲ್ಲಿ ಸಿಗುತ್ತವೆ.

ಹುಬ್ಬಳ್ಳಿ ಗಿರ್ಮಿಟ್
ಇಡ್ರಿ, ಎರಡನೇ ವಿಚಾರ ಮಾಡಬ್ಯಾಡ್ರಿ.

ಹಳಗನ್ನಡ ಓದುಗ
ಇನ್ನೊಂದು ಸುಲಭದ ಪರೀಕ್ಷೆ ಇದೆ. ಸಂಸ್ಕೃತದಲ್ಲಿ ಹ್ರಸ್ವ ಎ ಇಲ್ಲ, ಏ ಮಾತ್ರ. ಚೆ ಅಂತ ಶುರುವಾಗೋ ಪದ ಸಂಸ್ಕೃತದ್ದಾಗಿರೋಕೆ ಸಾಧ್ಯವೇ ಇಲ್ಲ.

ನಿಘಂಟಿನ ಮಗ್ಗುಲು
@ಹಳಗನ್ನಡ ಓದುಗ, ಅದೊಂದನ್ನೇ ನೆಚ್ಚಿಕೊಳ್ಳೋಕಾಗಲ್ಲ ಸರ್. ಹೊರಗಿನಿಂದ ಬಂದ ಪದದಲ್ಲೂ ಚ ಆದಮೇಲೆ ಬರೋ ಅ ನಮ್ಮ ಬಾಯಲ್ಲಿ ಎ ಆಗುತ್ತೆ. ಚಂದ ಹೋಗಿ ಚೆಂದ ಆಗಿದೆ. ಜನ ಅನ್ನೋದನ್ನ ಜೆನ ಅನ್ನೋರಿದ್ದಾರೆ. ಹ್ರಸ್ವ ಎ ಒಂದು ಸುಳಿವು ಅಷ್ಟೇ. ಗಟ್ಟಿ ಸಾಕ್ಷಿ ಅಂದರೆ ಚೆನ್ನು, ಚೆನ್ನಿಗ, ಚೆನ್ನಾಗಿ ಅಂತ ಇಡೀ ಬಳಗ ನಮ್ಮಲ್ಲಿರೋದು, ಪಕ್ಕದ ತೆಲುಗಿನಲ್ಲೂ ಅದೇ ಅರ್ಥದಲ್ಲಿ ಇರೋದು.

ಕೆಂಪುಮಣ್ಣು
ಚೆನ್ನ ಅಂದರೆ ಕೆಂಪು ಅಲ್ವಾ? ತಮಿಳಿನಲ್ಲಿ ಚೆಮ್ ಅಂದರೆ ಕೆಂಪು. ಚೆನ್ನಮ್ಮ ಅಂದರೆ ಕೆಂಪಮ್ಮ ಅಂತ ಎಲ್ಲೋ ಓದಿದ ನೆನಪು.

ನಿಘಂಟಿನ ಮಗ್ಗುಲು
ನೇರವಾಗಿ ಹಾಗೆ ಹೇಳೋದು ಕಷ್ಟ. ತಮಿಳಿನಲ್ಲಿ ಇ, ಎ ಮುಂದೆ ಚಕಾರ ಇರೋ ಕಡೆ ಕನ್ನಡ ಹಳೇ ಕಕಾರವನ್ನೇ ಉಳಿಸಿಕೊಂಡಿದೆ. ಅವರ ಚೆವಿ ನಮ್ಮ ಕಿವಿ. ಮಾಡು ಅನ್ನೋ ಅರ್ಥದ ಅವರ ಚೆಯ್ ನಮ್ಮ ಗೆಯ್, ಕೆಯ್. ಅವರ ಚೆಮ್ ನಮ್ಮ ಕೆಂ, ಕೆಂಪು. ಈ ಲೆಕ್ಕದಲ್ಲಿ ಕೆಂಪು ಅನ್ನೋ ಅರ್ಥದ ಹೆಸರು ನಮ್ಮಲ್ಲಿ ಕ ಅಕ್ಷರದಿಂದ ಶುರುವಾಗಬೇಕು. ಹಾಗೆ ಆಗಿಯೂ ಇದೆ: ಕೆಂಪಮ್ಮ, ಕೆಂಚಮ್ಮ. ಚೆನ್ನಮ್ಮ ಅವುಗಳ ಪಕ್ಕದಲ್ಲೇ ಬೇರೆ ಹೆಸರಾಗಿ ಬಾಳಿದೆ. ಒಂದೇ ಊರಲ್ಲಿ ಕೆಂಪಮ್ಮನೂ ಇರ್ತಾರೆ, ಚೆನ್ನಮ್ಮನೂ ಇರ್ತಾರೆ. ಕನ್ನಡದಲ್ಲಿ ಚೆನ್ನ ಅಂದರೆ ಸೊಗಸು ಅಂತ ಹಿಡಿಯೋದೇ ಸರಿ.

ಕೆಂಪುಮಣ್ಣು
ಕಿವಿ, ಚೆವಿ ಉದಾಹರಣೆ ನೋಡಿದ ಮೇಲೆ ಒಪ್ಪಿದೆ.

ಶಾಸನದ ಕಲ್ಲು
ಬೇಲೂರಿನ ಕಡೆ ಒಮ್ಮೆ ನೋಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವರಿಗೆ ಶಾಸನದಲ್ಲಿರೋ ಹೆಸರು ವಿಜಯನಾರಾಯಣ. ಜನ ಕರೆದದ್ದು ಚೆನ್ನಕೇಶವ, ಅಂದರೆ ಚೆಲುವ ಕೇಶವ. ಅದೇ ಆವರಣದಲ್ಲಿ ಶಾಂತಲೆ ಕಟ್ಟಿಸಿದ ಗುಡಿ ಕಪ್ಪೆ ಚೆನ್ನಿಗರಾಯನದು. ಚೆನ್ನಿಗ ಅಂದರೂ ಚೆಲುವನೇ. ಅದೇ ಶತಮಾನದಲ್ಲಿ ಅಕ್ಕಮಹಾದೇವಿಯ ಅಂಕಿತ ಚೆನ್ನಮಲ್ಲಿಕಾರ್ಜುನ. ಚೆನ್ನಬಸವಣ್ಣ, ಮಾದಾರ ಚೆನ್ನಯ್ಯ ಇವರೂ ಹೆಚ್ಚುಕಡಿಮೆ ಆಗಿನ ಶರಣರೇ. ಹಾಗಾಗಿ ಈ ಚೆನ್ನ ಒಂದು ಕಡೆ ದೇವರ ವಿಶೇಷಣ, ಇನ್ನೊಂದು ಕಡೆ ಮನುಷ್ಯರ ಹೆಸರು.

ಹೆಣ್ಣಿನ ಹೆಸರಿನ ಕೊನೆಗೆ ಆಗೆಲ್ಲ ಅಬ್ಬೆ ಬರ್ತಿತ್ತು, ಅತ್ತಿಮಬ್ಬೆ ಇದ್ದ ಹಾಗೆ. ಆ ಅಬ್ಬೆಯೇ ಅವ್ವೆ ಆಗಿ, ಅವ್ವ ಆಗಿ ಇವತ್ತಿನ ಚೆನ್ನವ್ವನಲ್ಲಿ ಉಳಿದಿದೆ. ದಕ್ಷಿಣದ ಜಿಲ್ಲೆಗಳಲ್ಲಿ ಅಮ್ಮ, ಉತ್ತರದಲ್ಲಿ ಅವ್ವ. ಕೆಳದಿ ಅರಮನೆಯಲ್ಲಿ ಗೌರವಕ್ಕೆ ಜಿ ಸೇರಿ ಚೆನ್ನಮ್ಮಾಜಿ ಆಯಿತು. ವೀರಮ್ಮಾಜಿಯೂ ಹಾಗೇ.

ಬೆಂಗಳೂರು ಫಿಲ್ಟರ್
ಪ್ರಶ್ನೆ ತಪ್ಪು ಅನ್ನಿಸಿದರೆ ಕ್ಷಮಿಸಿ. ಇದು ಲಿಂಗಾಯತರ ಹೆಸರಲ್ವಾ? ಬೇರೆಯವರು ಇಟ್ಟರೆ ಹೊಂದುತ್ತಾ?

ಶಾಸನದ ಕಲ್ಲು
ತಪ್ಪು ತಿಳುವಳಿಕೆ. ಚೆನ್ನಬಸವ, ಚೆನ್ನವೀರ ಅನ್ನೋ ಜೋಡಿ ಹೆಸರುಗಳಿಂದ ಚೆನ್ನಬಸಮ್ಮ, ಚೆನ್ನವೀರಮ್ಮ ಆಗೋದು ಹೆಚ್ಚಾಗಿ ಆ ಸಮುದಾಯದಲ್ಲಿ, ಅದು ನಿಜ. ಬರೀ ಚೆನ್ನಮ್ಮ, ಚೆನ್ನಪ್ಪ, ಚೆನ್ನಯ್ಯ ಮಾತ್ರ ಎಲ್ಲರದ್ದು.

ಗೇರುಸೊಪ್ಪೆಯನ್ನ 1552ರಿಂದ 1606ರವರೆಗೆ ಆಳಿದ ಚೆನ್ನಭೈರಾದೇವಿ ಜೈನಳು. 54 ವರ್ಷದ ಆಳ್ವಿಕೆ. ಪೋರ್ಚುಗೀಸರು ಅವಳನ್ನ ಮೆಣಸಿನ ರಾಣಿ ಅಂತ ಕರೆದರು, ಘಟ್ಟದ ಕಾಳುಮೆಣಸಿನ ವ್ಯಾಪಾರ ಅವಳ ಕೈಯಲ್ಲಿತ್ತು. ತುಳುನಾಡಿನ ಗರಡಿಗಳಲ್ಲಿ ಅವಳಿ ವೀರರಾದ ಕೋಟಿ–ಚೆನ್ನಯರ ಆರಾಧನೆ ಇದೆ. ಹಾಸನದ ಕಡೆಗೆ ಬಂದರೆ ಮಾಜಿ ಪ್ರಧಾನಿ ದೇವೇಗೌಡರ ಪತ್ನಿಯ ಹೆಸರೂ ಚೆನ್ನಮ್ಮ. ಒಂದು ಜಾತಿಯ ಗೂಟಕ್ಕೆ ಈ ಹೆಸರನ್ನ ಕಟ್ಟಬೇಡಿ.

ಬೈಲಹೊಂಗಲ ಜೋಳ
ಚೆನ್ನಮ್ಮ ಅಂತ ಮಾತು ಬಂದು ಇಷ್ಟೊತ್ತು ಕಿತ್ತೂರು ಬಂದಿಲ್ಲಲ್ರೀ! 1778ರಾಗ ಕಾಕತಿಯೊಳಗ ಹುಟ್ಟಿದಾಕಿ, ಮಲ್ಲಸರ್ಜ ದೇಸಾಯಿ ಹೇಂತಿ. ದತ್ತಕ ಒಪ್ಪೂದಿಲ್ಲ ಅಂತ ಕುಂಪಣಿಯವ್ರು ಕೋಟಿ ಬಾಗಲಕ್ಕ ಬಂದಾಗ 1824ರ ಅಕ್ಟೋಬರ್ 23ಕ್ಕ ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲೇ ಬಿದ್ದ. ಡಿಸೆಂಬರ್‌ನ್ಯಾಗ ಇನ್ನೂ ದೊಡ್ಡ ದಂಡು ತಂದು ಕೋಟಿ ತಗೊಂಡ್ರು. ರಾಣಿನ್ನ ಬೈಲಹೊಂಗಲದಾಗ ಸೆರಿ ಇಟ್ರು, 1829ರಾಗ ಅಲ್ಲೇ ತೀರ್ಕೊಂಡ್ಲು. ಸಮಾಧಿ ಐತಿ, ಯಾರ್ ಬೇಕಾದವ್ರು ಹೋಗಿ ನೋಡಬಹುದು.

1857ಕ್ಕಿಂತ 33 ವರ್ಷ ಮೊದಲ ರೀ ಇದು. ಅಂಥಾಕಿ ಹೆಸರು ಇಟ್ರ ಮುಜುಗರ ಅಂದ್ರ ಏನು? ಊರಿನ ಹೆಸರಾಗ ಆಕಿ ಹೆಸರು ಸೇರೇತಿ, ಚನ್ನಮ್ಮನ ಕಿತ್ತೂರು ಅಂತ ತಾಲೂಕೇ ಐತಿ.

ಮಲೆನಾಡ ಮಿಡಿ
ಕೆಳದಿ ಚೆನ್ನಮ್ಮನನ್ನ ಮಾತ್ರ ಎಲ್ಲರೂ ಮರೀತಾರೆ. ಕಿತ್ತೂರಿಗಿಂತ ಒಂದೂಕಾಲು ಶತಮಾನ ಮೊದಲು, 1670ರ ದಶಕದಿಂದ 1690ರ ದಶಕದವರೆಗೆ ಬಿದನೂರಿನಿಂದ ರಾಜ್ಯ ಆಳಿದವಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಆಶ್ರಯ ಕೊಟ್ಟು ದಾಟಿಸಿದಳು, ಮೊಗಲರ ದಂಡನ್ನೂ ಎದುರಿಸಿದಳು. ದಾವಣಗೆರೆ ಜಿಲ್ಲೆಯ ಚನ್ನಗಿರಿಗೆ ಆ ಹೆಸರು ಬಂದದ್ದು ಇವಳಿಂದಲೇ. ಹೆಸರು "ಕಿತ್ತೂರು ರಾಣಿಯದು" ಅಂತ ಮಾತ್ರ ಹೇಳಿದರೆ ಅರ್ಧ ಕಥೆ.

ಬೈಲಹೊಂಗಲ ಜೋಳ
ಅರ್ಧ ಅಲ್ರೀ, ಎರಡೂ ನಮ್ಮವ. ಆದ್ರ ಇವತ್ತು ರಾಜ್ಯದಾಗ ಯಾವ ಹುಡುಗನ್ನ ಕೇಳಿದ್ರೂ ಮೊದಲ ಬರೂದು ಕಿತ್ತೂರೇ. 1977ರಾಗ ಅಂಚೆಚೀಟಿ ಬಂತು, 2007ರಾಗ ಸಂಸತ್ತಿನ ಆವರಣದಾಗ ಪ್ರತಿಮಾ ಆತು.

ಮಲೆನಾಡ ಮಿಡಿ
ಅದನ್ನೇ ನಾನೂ ಹೇಳ್ತಿರೋದು. ಪ್ರತಿಮೆ ಇಲ್ಲ ಅಂತ ಹೆಸರಿನ ಚರಿತ್ರೆಯಿಂದ ಬಿಡೋಕಾಗಲ್ಲ. ಕಾಕತಿಯ ಮಗುವಿಗೆ 1778ರಲ್ಲಿ ಈ ಹೆಸರಿಡುವಾಗ ಕೆಳದಿಯ ರಾಣಿ ಆಗಲೇ ಚರಿತ್ರೆ ಸೇರಿದ್ದಳು.

ತೊಟ್ಟಿಲ ಹಗ್ಗ
ಇಬ್ಬರಿಗೂ ಧನ್ಯವಾದ, ಎರಡೂ ಗೊತ್ತಾಗಿದ್ದು ಒಳ್ಳೇದಾಯ್ತು. ಕಾಗುಣಿತದ ವಿಷಯ ಯಾರಾದರೂ ಹೇಳಿ. ಮೇಲೆ ನೀವೇ ಚನ್ನಗಿರಿ, ಚನ್ನಮ್ಮನ ಕಿತ್ತೂರು ಅಂತ ಚ ಬರೆದು, ರಾಣಿಗೆ ಚೆ ಬರೆದಿದ್ದೀರಿ!

ಕರಡು ತಿದ್ದುವವ
ಎರಡಕ್ಕೂ ಆಧಾರ ಇದೆ, ಎರಡೂ ತಪ್ಪಲ್ಲ. ಚ, ಜ ಆದಮೇಲೆ ಅ, ಎ ಅದಲುಬದಲಾಗೋದು ಕನ್ನಡದ ಹಳೇ ಅಭ್ಯಾಸ. ಚೆಲುವ/ಚಲುವ, ಚೆಂಡು/ಚಂಡು, ಚೆಕ್ಕೆ/ಚಕ್ಕೆ, ಜೆಡೆ/ಜಡೆ. ಮೇಲುಕೋಟೆಯ ದೇವರನ್ನೇ ಚೆಲುವನಾರಾಯಣ ಅಂತಲೂ ಚಲುವನಾರಾಯಣ ಅಂತಲೂ ಬರೀತಾರೆ.

ಸರ್ಕಾರಿ ಬಳಕೆಯೂ ಒಂದೇ ಥರ ಇಲ್ಲ. ಒಬ್ಬಳೇ ರಾಣಿ. ಬೆಳಗಾವಿಯ ವಿಶ್ವವಿದ್ಯಾಲಯ ರಾಣಿ ಚನ್ನಮ್ಮ, ಇಂಗ್ಲಿಷಿನಲ್ಲಿ ಸಿ ಎಚ್ ಎ. ಅವಳ ಹೆಸರಿನ ರೈಲು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, ಇಂಗ್ಲಿಷಿನಲ್ಲಿ ಸಿ ಎಚ್ ಇ.

ನನ್ನ ಶಿಫಾರಸು ಚೆ. ಚೆನ್ನಾಗಿ, ಚೆನ್ನ ಅಂತ ಎಲ್ಲರೂ ಬರೆಯೋದು ಚೆ ಇಂದಲೇ, ಹೆಸರು ಆ ಪದಕ್ಕೆ ಅಂಟಿಕೊಂಡಿರಲಿ. ಮನೆತನದ ಹಿರಿಯರ ದಾಖಲೆಯಲ್ಲಿ ಚ ಇದ್ದು, ಅವರದೇ ಹೆಸರು ಮಗುವಿಗೆ ಇಡ್ತಿದ್ದರೆ ಚ ಇಟ್ಟುಕೊಳ್ಳಿ. ಯಾವುದೋ ಒಂದನ್ನ ಹಿಡೀರಿ, ಮತ್ತೆ ಬದಲಾಯಿಸಬೇಡಿ.

ಪಂಚಾಂಗ ಪುಟ
ಜನ್ಮನಕ್ಷತ್ರದ ಅಕ್ಷರ ನೋಡೋರಾದರೆ ಈ ಚೆ–ಚ ಸಣ್ಣ ವಿಷಯ ಅಲ್ಲ. ಅಶ್ವಿನಿಯ ನಾಲ್ಕು ಪಾದಕ್ಕೆ ಚೂ, ಚೇ, ಚೋ, ಲಾ. ರೇವತಿಗೆ ದೇ, ದೋ, ಚಾ, ಚೀ. ಹ್ರಸ್ವ ದೀರ್ಘ ಒಂದೇ ಅಂತ ಎಣಿಸೋದು ವಾಡಿಕೆ. ಆ ಲೆಕ್ಕದಲ್ಲಿ ಚೆನ್ನಮ್ಮ ಅಶ್ವಿನಿ 2ನೇ ಪಾದ, ಮೇಷ ರಾಶಿ. ಚನ್ನಮ್ಮ ರೇವತಿ 3ನೇ ಪಾದ, ಮೀನ ರಾಶಿ. ಒಂದು ಎತ್ವದಲ್ಲಿ ರಾಶಿಯೇ ಬದಲು. ಮಗುವಿನ ನಕ್ಷತ್ರ ಇವೆರಡೂ ಅಲ್ಲದಿದ್ದರೆ ಚಿಂತೆ ಬೇಡ, ಜನ್ಮನಾಮ ಬೇರೆ ಇಟ್ಟು ವ್ಯವಹಾರನಾಮ ಚೆನ್ನಮ್ಮ ಅಂತಿಡಬಹುದು. ನಾಮಕರಣದಲ್ಲಿ ಒಂದಕ್ಕಿಂತ ಹೆಚ್ಚು ಹೆಸರು ಹೇಳೋ ಪದ್ಧತಿ ಇದ್ದೇ ಇದೆ.

ಹೊಲದ ಬದು
ಅಕ್ಷರ ನೋಡಿ ಹೆಸರಿಡೋ ಗೀಳಿನಿಂದಲೇ ನಮ್ಮ ಕನ್ನಡ ಹೆಸರು ಹೋಗ್ತಿರೋದು. ಚೂ ಬಂದರೆ ಏನಿಡ್ತೀರಿ?

ಪಂಚಾಂಗ ಪುಟ
ಚೂಡಾಮಣಿ ಇಡ್ತಾರೆ. ನಂಬೋರಿಗೆ ಹೇಳಿದ್ದು, ನಂಬದೋರು ಬಿಡಿ. ಜಗಳ ಬೇಡ.

ದಾಖಲೆ ಕಟ್ಟು
ಖಾಲಿ ಬಿಟ್ಟಿರೋ ಕಾಲಂ ಬಗ್ಗೆ ಯಾರೂ ಹೇಳಲಿಲ್ಲ, ಮುಖ್ಯ ಅದು.

1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಮಗುವಿನ ಹೆಸರಿಲ್ಲದೆ ಜನನ ನೋಂದಾಯಿಸೋಕೆ ಅವಕಾಶ ಇದೆ. ನೋಂದಣಿ ಆದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೆ 15 ವರ್ಷದವರೆಗೂ ತಡ ಶುಲ್ಕ ಕಟ್ಟಿ ಸೇರಿಸಬಹುದು. ಎಲ್ಲಿ ನೋಂದಣಿ ಆಯ್ತೋ ಅಲ್ಲೇ ಹೋಗಬೇಕು. ಹಾಗಂತ 12 ತಿಂಗಳು ಕಾಯಬೇಡಿ. 2023ರ ತಿದ್ದುಪಡಿ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಆ ದಿನ ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆ ಸೇರಿಸೋಕೆ, ಪಾಸ್‌ಪೋರ್ಟ್‌ಗೆ, ಮತದಾರರ ಪಟ್ಟಿಗೆ ಹುಟ್ಟಿದ ದಿನದ ಪುರಾವೆ ಜನನ ಪ್ರಮಾಣಪತ್ರವೇ. ಅದರಲ್ಲಿ ಏನಿದೆಯೋ ಅದೇ ಮುಂದೆ ಎಲ್ಲ ಕಡೆ ಇಳಿಯುತ್ತೆ.

ಚೆನ್ನಮ್ಮ ಅನ್ನೋ ಹೆಸರಲ್ಲಿ ತಪ್ಪಾಗೋ ಜಾಗ ಇವು. ಕೈಬರಹದಲ್ಲಿ ಚ ಮತ್ತು ಚೆ ನಡುವೆ ಇರೋ ವ್ಯತ್ಯಾಸ ತಲೆಯ ಮೇಲಿನ ಒಂದು ಗೀಟು. ತಲೆಕಟ್ಟು ಅಡ್ಡಕ್ಕೆ ನಿಂತರೆ ಚ, ಮೇಲೆದ್ದು ಸುತ್ತಿಕೊಂಡರೆ ಚೆ. ಅವಸರದಲ್ಲಿ ಬರೆದ ಅರ್ಜಿ ನೋಡಿ ಟೈಪ್ ಮಾಡೋರು ತಮಗೆ ಕಂಡಂತೆ ಮಾಡ್ತಾರೆ. ಎರಡನೇದು ಒತ್ತಕ್ಷರ. ನ್ನ ಇರೋ ಕಡೆ ಬರೀ ನ, ಮ್ಮ ಇರೋ ಕಡೆ ಬರೀ ಮ ಬೀಳುತ್ತೆ. ಇಂಗ್ಲಿಷಿನಲ್ಲಿ ಎನ್ ಎರಡು, ಎಮ್ ಎರಡು, ಒಟ್ಟು 9 ಅಕ್ಷರ ಇರಬೇಕು. ಒಂದು ಎಮ್ ಬಿಟ್ಟರೆ ಕಂಪ್ಯೂಟರ್ ಅದನ್ನ ತಿರುಗಿ ಕನ್ನಡಕ್ಕೆ ತರುವಾಗ ಚೆನ್ನಮ ಅಂತಲೋ ಚೆನ್ನಾಮ ಅಂತಲೋ ಮಾಡಿಡುತ್ತೆ.

ಹೀಗೆ ಮಾಡಿ. ಅರ್ಜಿಯಲ್ಲಿ ಎರಡೂ ಭಾಷೆಯಲ್ಲಿ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೀರಿ. ಪ್ರಮಾಣಪತ್ರ ಮುದ್ರಣಕ್ಕೆ ಹೋಗೋ ಮೊದಲು ತೆರೆ ಮೇಲೆ ತೋರಿಸಿ ಅಂತ ಕೇಳಿ, ಒಂದೊಂದೇ ಅಕ್ಷರ ಓದಿ.

ಬೆಂಗಳೂರು ಫಿಲ್ಟರ್
ತಪ್ಪಾಗಿ ಬಿದ್ದರೆ ತಿದ್ದಿಸೋಕೆ ಆಗಲ್ವಾ?

ದಾಖಲೆ ಕಟ್ಟು
ಆಗುತ್ತೆ. ಬರೆಯುವಾಗಿನ ತಪ್ಪು ಅಂತ ತೋರಿಸಿದರೆ ನೋಂದಣಾಧಿಕಾರಿ ಮೂಲ ನಮೂದನ್ನ ಅಳಿಸದೆ ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಹಾಕ್ತಾರೆ. ವಿವರವೇ ತಪ್ಪು ಅಂತಾದರೆ ವಿಷಯ ಗೊತ್ತಿರೋ ಇಬ್ಬರು ನಂಬಿಕಸ್ಥರ ಘೋಷಣೆ ಬೇಕು. ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಜೀವನದಲ್ಲಿ ಎರಡೇ ಸಲ ಅವಕಾಶ. ಚೆ–ಚ ತಿದ್ದಿಸೋಕೆ ಒಂದು ಸಲ ಖರ್ಚು ಮಾಡಿದರೆ ಮುಂದೆ ನಿಜವಾಗಿ ಬೇಕಾದಾಗ ಒಂದೇ ಉಳಿಯುತ್ತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೆಸರು ಹೋಗೋದು ಶಾಲೆಯ ದಾಖಲಾತಿ ಪುಸ್ತಕದಿಂದ. ಹತ್ತನೇ ತರಗತಿಯಲ್ಲಿ ಪರೀಕ್ಷಾ ಮಂಡಳಿಗೆ ಹೆಸರು ಕಳಿಸುವಾಗ ಶಾಲೆಯಲ್ಲಿ ಪಟ್ಟಿ ತೋರಿಸ್ತಾರೆ, ಆ ದಿನ ಬಿಟ್ಟರೆ ಆಮೇಲೆ ಅಲೆದಾಟ.

ಕಡಲಾಚೆ ಕನ್ನಡ
ಹೊರದೇಶಕ್ಕೆ ಹೋಗೋ ಸಾಧ್ಯತೆ ಇದ್ದರೆ ಇನ್ನೊಂದು ಮಾತು. ನಮ್ಮಲ್ಲಿ ಬರೀ ಚೆನ್ನಮ್ಮ ಅಂತ ಒಂದೇ ಹೆಸರು, ಮುಂದೆ ತಂದೆಯ ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. ಉಪನಾಮದ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಚೆನ್ನಮ್ಮ ಅನ್ನೋದು ಉಪನಾಮದ ಜಾಗಕ್ಕೆ ಹೋಗಿ, ಕರೆಯೋ ಹೆಸರಿನ ಜಾಗದಲ್ಲಿ ಎಫ್ ಎನ್ ಯು ಅಂತ ಬೀಳುತ್ತೆ, "ಮೊದಲ ಹೆಸರು ಗೊತ್ತಿಲ್ಲ" ಅಂತ ಅದರರ್ಥ. ಆಮೇಲೆ ಬ್ಯಾಂಕು, ಶಾಲೆ, ಚಾಲನಾ ಪರವಾನಗಿ ಎಲ್ಲ ಕಡೆ ಅದೇ ಬೆನ್ನು ಹತ್ತುತ್ತೆ. 2022ರಿಂದ ಯುಎಇ ಕೂಡ ಒಂದೇ ಹೆಸರಿನ ಪಾಸ್‌ಪೋರ್ಟ್ ಬಗ್ಗೆ ಬಿಗಿ ಮಾಡಿದೆ. ತಂದೆಯದೋ ತಾಯಿಯದೋ ಊರಿನದೋ ಮನೆತನದ್ದೋ ಒಂದು ಎರಡನೇ ಹೆಸರು ಜನನ ಪ್ರಮಾಣಪತ್ರದಲ್ಲೇ ಇರಲಿ.

ಉಚ್ಚಾರಣೆಗೆ ಇದು ಸುಲಭದ ಹೆಸರು. ಮಹಾಪ್ರಾಣ ಇಲ್ಲ, ಳ ಇಲ್ಲ, ಣ ಇಲ್ಲ. ಇಂಗ್ಲಿಷ್ ಮಾತಾಡೋರು ಚ ಸರಿಯಾಗೇ ಅಂತಾರೆ, ಒತ್ತು ಮಾತ್ರ ಬಿಟ್ಟು "ಚೆನಮಾ" ಅಂತಾರೆ. ಫ್ರೆಂಚರ ನಡುವೆ ಅದು ಶೆನಮಾ ಆಗುತ್ತೆ.

ಚಿತ್ರಾನ್ನ ಚಪಲ
ಚೆನ್ನೈ ಹೆಸರೂ ಇದೇ ಚೆನ್ನ ಅಲ್ವಾ?

ಶಾಸನದ ಕಲ್ಲು
ಹೌದು, ಸುತ್ತಿ ಬಳಸಿ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಜಾಗ ಕೊಟ್ಟ ದಾಮರ್ಲ ವೆಂಕಟಾದ್ರಿ ನಾಯಕನ ತಂದೆ ಚೆನ್ನಪ್ಪ ನಾಯಕ. ಅವನ ಹೆಸರಲ್ಲಿ ಚೆನ್ನಪಟ್ಟಣ. ಅಲ್ಲಿನ ಚೆನ್ನಕೇಶವ ಗುಡಿಯಿಂದ ಬಂತು ಅನ್ನೋ ಇನ್ನೊಂದು ವಾದವೂ ಇದೆ. ಮದರಾಸು ಅಧಿಕೃತವಾಗಿ ಚೆನ್ನೈ ಆಗಿದ್ದು 1996ರಲ್ಲಿ. ಯಾವ ದಾರಿಯಲ್ಲಿ ಹೋದರೂ ಆ ಊರಿನ ಹೆಸರಲ್ಲಿರೋದು ಚೆನ್ನಮ್ಮನ ಚೆನ್ನವೇ.

ಗೊಂಬೆ ಊರು
ನಮ್ಮ ಚನ್ನಪಟ್ಟಣ ಬಿಟ್ಟು ಚೆನ್ನೈಗೆ ಓಡಿದಿರಲ್ಲ!

ತುಳು ಬರ್ಪುಂಡು
ನಮ್ಮ ಕಡೆಯ ಚೆನ್ನೆಮಣೆ ಅನ್ನೋ ಗುಳಿಮಣೆ ಆಟಕ್ಕೂ ಇದಕ್ಕೂ ನಂಟು ಇರಬಹುದಾ? 14 ಗುಳಿ, ಗುಳಿಗೆ 4ರಂತೆ 56 ಕಾಯಿ.

ನಿಘಂಟಿನ ಮಗ್ಗುಲು
ಧ್ವನಿ ಒಂದೇ ಅಂತ ನಂಟು ಕಟ್ಟಬೇಡಿ ಮಾರಾಯ್ರೆ. ಹಾಗೆ ಹೋದರೆ ಚಿನ್ನಮ್ಮನೂ ಚೆನ್ನಮ್ಮನೂ ಒಂದೇ ಅನ್ನಬೇಕಾಗುತ್ತೆ. ಚಿನ್ನ ಕನ್ನಡದಲ್ಲಿ ಬಂಗಾರ. ತಮಿಳು, ತೆಲುಗಿನಲ್ಲಿ ಚಿನ್ನ ಅಂದರೆ ಚಿಕ್ಕ, ಚಿನ್ನಮ್ಮ ಅಂದರೆ ಚಿಕ್ಕಮ್ಮ. ತಮಿಳುನಾಡಿನಲ್ಲಿ ಶಶಿಕಲಾ ಅವರನ್ನ ಚಿನ್ನಮ್ಮ ಅಂದದ್ದು ಆ ಅರ್ಥದಲ್ಲಿ. ಇ ಮತ್ತು ಎ ನಡುವೆ ಮೂರು ಬೇರೆ ಅರ್ಥ.

ಪಟ್ಟಿ ನೋಡುಗ
ಮೂರನೇ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಯಾವ ಹೆಸರು ಎಷ್ಟು ಮಕ್ಕಳಿಗೆ ಇಟ್ಟರು ಅಂತ ವರ್ಷವರ್ಷ ಪ್ರಕಟಿಸೋ ಪದ್ಧತಿ ಇಲ್ಲ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಪ್ರಕಟಿಸುತ್ತೆ, ಅದರಲ್ಲೂ ಆ ವರ್ಷ 5ಕ್ಕಿಂತ ಕಡಿಮೆ ಮಕ್ಕಳಿಗಿಟ್ಟ ಹೆಸರು ಕಾಣಲ್ಲ. ಹಾಗಾಗಿ ಜನಪ್ರಿಯತೆ ಬಗ್ಗೆ ಅಂಕಿ ಹೇಳೋ ಹೆಸರಿನ ಆ್ಯಪ್‌ಗಳನ್ನ ನಂಬಬೇಡಿ, ಅವು ತೋರಿಸೋದು ತಮ್ಮ ಪುಟವನ್ನ ಎಷ್ಟು ಜನ ಒತ್ತಿದರು ಅಂತ.

ನೀವೇ ನೋಡಬಹುದಾದ ಒಂದು ದಾರಿ ಮತದಾರರ ಪಟ್ಟಿ. ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಭಾಗವಾರು ಕನ್ನಡದಲ್ಲೇ ಸಿಗುತ್ತೆ, ಹೆಸರಿನ ಪಕ್ಕ ವಯಸ್ಸು ಇರುತ್ತೆ. ಹಳ್ಳಿಯದೊಂದು, ಪಟ್ಟಣದ್ದೊಂದು ಭಾಗ ತೆಗೆದು 60 ದಾಟಿದವರಲ್ಲಿ, 18ರಿಂದ 30ರವರಲ್ಲಿ ಚೆನ್ನಮ್ಮ, ಚನ್ನಮ್ಮ, ಚೆನ್ನವ್ವ, ಚನ್ನವ್ವ ನಾಲ್ಕನ್ನೂ ಎಣಿಸಿ. ಬರೀ ಒಂದು ಕಾಗುಣಿತ ಎಣಿಸಿದರೆ ಲೆಕ್ಕ ತಪ್ಪುತ್ತೆ. 18ರ ಕೆಳಗಿನವರು ಅಲ್ಲಿ ಇರಲ್ಲ ಅನ್ನೋದು ನೆನಪಿರಲಿ. ಅಮ್ಮ, ಅವ್ವ ಇಂದ ಕೊನೆಯಾಗೋ ಹೆಸರುಗಳು ವಯಸ್ಸಾದವರ ಕಡೆಗೇ ಗುಂಪು ಕಟ್ಟಿರೋದು ಕಣ್ಣಿಗೆ ಹೊಡೆಯುತ್ತೆ.

ಹೊಲದ ಬದು
ಕಾರಣ ಗೊತ್ತಿರೋದೇ. ಅಮ್ಮ ಅನ್ನೋದು ಬಾಲ ಅಂತ ತಿಳಿದು ಕತ್ತರಿಸಿದರು. ಗಂಗಮ್ಮ ಗಂಗಾ ಆದಳು, ಗೌರಮ್ಮ ಗೌರಿ ಆದಳು, ಪಾರ್ವತಮ್ಮ ಪಾರ್ವತಿ ಆದಳು. ಚೆನ್ನಮ್ಮನಿಗೆ ಆ ದಾರಿ ಇಲ್ಲ. ಅಮ್ಮ ತೆಗೆದರೆ ಉಳಿಯೋದು ಚೆನ್ನ, ಅದು ಗಂಡು ಹೆಸರಿನಂತೆ ಕೇಳುತ್ತೆ. ಅದಕ್ಕೇ ಈ ಹೆಸರು ಹೊಸದಾಗಿ ರೂಪ ಬದಲಿಸದೆ ಹಿಂದೆ ಉಳೀತು.

ಸೋದರತ್ತೆ
ಒಳ್ಳೇ ಮಾತು. ಇದಕ್ಕೇ ಈಗ ಚೆನ್ನಿಕಾ, ಚೆನ್ವಿ ಅಂತೆಲ್ಲ ಕಟ್ಟೋಕೆ ಹೊರಟಿದ್ದಾರೆ. ದಯವಿಟ್ಟು ಬೇಡ. ಕನ್ನಡ ಬೇರಿಗೆ ಸಂಸ್ಕೃತದ ಬಾಲ ಕಟ್ಟಿದರೆ ಎರಡೂ ಕಡೆ ಅರ್ಥ ಇರಲ್ಲ. ಮನೆಯಲ್ಲಿ ಕರೆಯೋಕೆ ಚೆನ್ನಿ, ಚೆನ್ನು, ಚೆನ್ನಕ್ಕ ಇದ್ದೇ ಇವೆ. ದಾಖಲೆಗೆ ಪೂರ್ತಿ ಹೆಸರು, ಬಾಯಿಗೆ ಚೆನ್ನಿ. ಅಮ್ಮ ಬೇಡ ಅನ್ನೋರಿಗೆ ಚೆಲುವಿ, ಚೆಲುವಾಂಬ ಇವೆ. ಮೈಸೂರಿನ ಆಸ್ಪತ್ರೆಯ ಹೆಸರಲ್ಲಿ ಚೆಲುವಾಂಬ ಇನ್ನೂ ದಿನವೂ ಜನರ ಬಾಯಲ್ಲಿದೆ.

ಶಾಲೆಯ ಮುಜುಗರದ ಮಾತು: ನಾಲ್ಕನೇ, ಐದನೇ ತರಗತಿಗೆ ಬರೋ ಹೊತ್ತಿಗೆ ಎಲ್ಲ ಮಕ್ಕಳಿಗೂ ಕಿತ್ತೂರು ಚೆನ್ನಮ್ಮ ಯಾರು ಅಂತ ಗೊತ್ತಿರುತ್ತೆ. ವೇಷಭೂಷಣ ಸ್ಪರ್ಧೆಯಲ್ಲಿ ಕತ್ತಿ ಹಿಡಿದು ನಿಲ್ಲೋ ಪಾತ್ರ ಅದೇ. ಆ ಹೆಸರಿನ ಮಗುವನ್ನ ರೇಗಿಸೋದು ಸುಲಭ ಅಲ್ಲ.

ಹುಬ್ಬಳ್ಳಿ ಗಿರ್ಮಿಟ್
ನಮ್ಮೂರಾಗ ಚೆನ್ನಮ್ಮ ಸರ್ಕಲ್ ಅಂದ್ರ ಊರಿನ ನಡುಮಧ್ಯ ರೀ. ಮುಜುಗರ ಎಲ್ಲಿ ಬಂತು?

ಬೆಂಗಳೂರು ಫಿಲ್ಟರ್
ಆದರೂ ಒಪ್ಪಲ್ಲ. ಹತ್ತು ಆದ್ಯಾ, ಹತ್ತು ಅನ್ವಿ ಇರೋ ತರಗತಿಯಲ್ಲಿ ಒಬ್ಬಳೇ ಚೆನ್ನಮ್ಮ ಇದ್ದರೆ ಎದ್ದು ಕಾಣ್ತಾಳೆ. ಮಗುವಿಗೆ ಅದು ಭಾರ ಆಗಬಹುದು.

ಸೋದರತ್ತೆ
ಹತ್ತು ಆದ್ಯಾಗಳ ಹೆಸರಿನ ಮುಂದೆ ಇನಿಷಿಯಲ್ ಹಾಕಿ ಕೂಗಬೇಕು. ಚೆನ್ನಮ್ಮನನ್ನ ಒಂದೇ ಸಲ ಕೂಗಿದರೆ ಸಾಕು. ಎದ್ದು ಕಾಣೋದಕ್ಕೇ ಅಲ್ವಾ ಹೆಸರಿಡೋದು?

ತೊಟ್ಟಿಲ ಹಗ್ಗ
ಎಲ್ಲರಿಗೂ ಕೈಮುಗಿದೆ. ಚೆ ಇಂದಲೇ, ಚೆನ್ನಮ್ಮ. ನಕ್ಷತ್ರ ಅಶ್ವಿನಿ ಅಲ್ಲ, ಜನ್ಮನಾಮ ಬೇರೆ ಇಡ್ತೀವಿ. ಎರಡನೇ ಹೆಸರಾಗಿ ತಂದೆಯ ಹೆಸರು ಪೂರ್ತಿ ಬರೆಸ್ತೀವಿ. ಜನ್ಮನಾಮವನ್ನೂ ಪ್ರಮಾಣಪತ್ರಕ್ಕೆ ಸೇರಿಸಬೇಕಾ?

ದಾಖಲೆ ಕಟ್ಟು
ಬೇಡ. ಪ್ರಮಾಣಪತ್ರದಲ್ಲಿ ಶಾಲೆಯಲ್ಲಿ ಕೂಗೋ ಹೆಸರು, ಎರಡನೇ ಹೆಸರು, ಇಷ್ಟೇ ಇರಲಿ. "ಉರುಫ್" ಅಂತ ಹಾಕಿಸಿದರೆ ಮುಂದೆ ಆಧಾರ್, ಬ್ಯಾಂಕ್ ಎಲ್ಲ ಕಡೆ ಅದನ್ನೂ ಕೇಳ್ತಾರೆ. ಅರ್ಜಿಯ ಒಂದು ಜೆರಾಕ್ಸ್ ಇಟ್ಟುಕೊಳ್ಳಿ, ಮ ಅಕ್ಷರದ ಒತ್ತು ಬಿಟ್ಟುಹೋದರೆ ತೋರಿಸೋಕೆ ಬೇಕಾಗುತ್ತೆ.

ಬೈಲಹೊಂಗಲ ಜೋಳ
ತೊಟ್ಟಲ ಕಾರ್ಯ ಯಾವಾಗ ರೀ? ಸೋದರತ್ತಿ ಕಿವ್ಯಾಗ ಹೆಸರ ಹೇಳುವಾಗ ಮೂರು ಸಲ ಗಟ್ಟ್ಯಾಗಿ ಹೇಳಂತ ಹೇಳ್ರಿ.